ಡು ದಿ ನೀಡ್‌ಫುಲ್ ಅಂದರೆ ಬಸ್ಸು ನಿಲ್ಲುತ್ತದೆಯೇ?

ಇತ್ತೀಚೆಗೆ ಒಂದು ಬಸ್ಸು ನನ್ನ ಇಂಗ್ಲಿಷಿನ ಮಾನ ಕಳೆಯಿತು. ಗಡಿಬಿಡಿಯಲ್ಲಿ ಕಳೆದಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಹಾಗಲ್ಲ. ದೂರದಿಂದ ಬಂತು, ನಮ್ಮೆದುರು ವೇಗ ಇಳಿಸಿತು, ಹಾರ್ನ್ ಹೊಡೆಯಿತು. ಡ್ರೈವರ್ ನನ್ನ ಮುಖ ನೋಡಿ ಮರ್ಯಾದೆಯಿಂದ ತಲೆ ಅಲ್ಲಾಡಿಸಿದ. ಕಿಟಕಿಯ ಬಳಿ ಕೂತ ಅಜ್ಜಿ ಎಲೆಗೆ ಸುಣ್ಣ ಸವರುವುದು ಕೂಡ ಸ್ಪಷ್ಟ ಕಾಣುವಷ್ಟು ನಿಧಾನವಾಗಿ ಬಸ್ಸು ನಮ್ಮನ್ನು ದಾಟಿ ಹೋಯಿತು.

ನಿಲ್ಲಲಿಲ್ಲ.

ನನ್ನ ಕೈಯಲ್ಲಿ ಪೇಡೆಯ ಬಾಕ್ಸ್ ಇತ್ತು. ಪಕ್ಕದಲ್ಲಿ ಕಾಲೇಜಿಗೆ ಹೊರಟ ಒಂಬತ್ತು ಹುಡುಗಿಯರು. (ಡ್ರೈವರ್ ಕೊರಳಿಗೆ ಹಾಕಲೆಂದು ತಂದಿದ್ದ ಹೂವಿನ ಹಾರದ ಸುದ್ದಿ ಬೇಡ. ಅದನ್ನು ಮನೆಗೆ ತಂದು ದೇವರಿಗೆ ಹಾಕಿದೆ. ದೇವರೂ ನಕ್ಕಿರಬೇಕು.)

“ಅಕ್ಕೋರ, ಮೊದಲ ಜೋರ್ ಹೊಕ್ಕಿತ್ರಿ. ಈಗ ಸಾವಕಾಶ ಹೊಂಟೈತಿ ನೋಡ್ರಿ,” ಅಂದಳು ಅವರಲ್ಲೊಬ್ಬಳು, ಭಾಗ್ಯ. ಸಮಾಧಾನ ಹೇಳಿದಳೋ ಚೇಷ್ಟೆ ಮಾಡಿದಳೋ, ನನಗೆ ಇನ್ನೂ ತಿಳಿದಿಲ್ಲ.

ಇಷ್ಟೆಲ್ಲ ಅವಾಂತರಕ್ಕೆ ಕಾರಣ ಮೂರೇ ಮೂರು ಇಂಗ್ಲಿಷ್ ಶಬ್ದ. ಡು ದಿ ನೀಡ್‌ಫುಲ್. ಅಗತ್ಯವಾದದ್ದನ್ನು ಮಾಡಿ, ಅಂತ ಅರ್ಥ. ಬರೆದವಳು ನಾನು. ಅದನ್ನು ಮೂರು ತಾಲೂಕಿಗೆ ಹಂಚಿದವಳೂ ನಾನೇ.

ಈ ಅಂಕಣ ಓದುವವರಿಗೆ ನಾನು ಮಾಜಿ ಇಂಗ್ಲಿಷ್ ಟೀಚರ್ ಅನ್ನುವುದು ಗೊತ್ತು. ಗೊತ್ತಿಲ್ಲದವರಿಗೂ ನಾನು ಹೇಗಾದರೂ ಮಾಡಿ ಗೊತ್ತು ಮಾಡಿಸುತ್ತೇನೆ. ಮೂವತ್ತೊಂದು ವರ್ಷದ ಸರ್ವಿಸು. ಮೊದಲು ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ, ಕೊನೆಗೆ ಇಂಡಿ. ಈಗ ಸಿಂದಗಿಯ ಸ್ವಂತ ಮನೆಯಲ್ಲಿ ಮೊಣಕಾಲು ನೋವಿನ ಜೊತೆ ಸಂಸಾರ. ಹೋದ ಊರಲ್ಲೆಲ್ಲ ನಾನು ಬಿಟ್ಟು ಬಂದ ಆಸ್ತಿ ಅಂದರೆ ಪತ್ರಲೇಖನ.

ಆಗ ಪರೀಕ್ಷೆಯಲ್ಲಿ ಲೆಟರ್ ರೈಟಿಂಗ್‌ಗೆ ಐದು ಮಾರ್ಕು ಇರುತ್ತಿತ್ತು. ಪತ್ರದ ನಡುವಿನ ವಿಷಯ ಮಕ್ಕಳಿಗೆ ಬರೆಯಲು ಬರುತ್ತಿರಲಿಲ್ಲ. ತಲೆ ಮತ್ತು ಬಾಲ ಸರಿಯಾಗಿದ್ದರೆ ಮೂರು ಮಾರ್ಕು ಖಾತ್ರಿ. ನಾನು ಜಾಣೆ. ತಲೆ, ಬಾಲ ಎರಡನ್ನೂ ಬಾಯಿಪಾಠ ಮಾಡಿಸಿದೆ. ತಲೆ: ವಿತ್ ಡ್ಯೂ ರೆಸ್ಪೆಕ್ಟ್ ಆ್ಯಂಡ್ ಹಂಬಲ್ ಸಬ್ಮಿಷನ್. ಬಾಲ: ಕೈಂಡ್ಲಿ ಡು ದಿ ನೀಡ್‌ಫುಲ್ ಆ್ಯಂಡ್ ಆಬ್ಲೈಜ್. ನಡುವೆ ಏನಿರಬೇಕು ಅಂತ ಯಾರಾದರೂ ಕೇಳಿದರೆ, “ಅದನ್ನ ನೀವ ಬರ್ಕೋರಿ,” ಅನ್ನುತ್ತಿದ್ದೆ. ಅವರು ಬರೆದುಕೊಳ್ಳಲಿಲ್ಲ. ತಲೆಗೆ ನೇರ ಬಾಲ ಅಂಟಿಸಿದರು.

ಬಾಗೇವಾಡಿಯಲ್ಲಿ ಒಬ್ಬ ಹುಡುಗ ರಜೆಗೆ ಅರ್ಜಿ ಕೊಟ್ಟ. ಮೈ ಗ್ರ್ಯಾಂಡ್‌ಮದರ್ ಈಸ್ ಡೆಡ್, ಕೈಂಡ್ಲಿ ಡು ದಿ ನೀಡ್‌ಫುಲ್. ಹೆಡ್‌ಮಾಸ್ಟರು ಅದನ್ನು ಸ್ಟಾಫ್ ರೂಮಿಗೆ ತಂದು ನನ್ನೆದುರು ಹಿಡಿದರು. “ಏನ್ ಮಾಡ್ಲಿ ಹೇಳ್ರಿ ಅಕ್ಕೋರ? ಆ ಮುದುಕೀನ್ನ ಎಬ್ಬಿಸಿ ಕುಂದ್ರಸ್ಲೇನು?” ಎಲ್ಲರೂ ನಕ್ಕರು. ನಾನು ಮಾತ್ರ, ಸ್ಪೆಲಿಂಗ್ ಒಂದೂ ತಪ್ಪಿಲ್ಲವಲ್ಲ ಅಂತ ಒಳಗೊಳಗೇ ಬೀಗಿದೆ.

ಮುದ್ದೇಬಿಹಾಳದಲ್ಲಿ ಒಂದು ಪ್ರೇಮಪತ್ರ ಸಿಕ್ಕಿಬಿತ್ತು. ಐ ಸೀ ಯು ಡೇಲಿ ನಿಯರ್ ದಿ ಬೋರ್‌ವೆಲ್, ಕೈಂಡ್ಲಿ ಡು ದಿ ನೀಡ್‌ಫುಲ್. ಬರೆದವನ ಕಿವಿ ಹಿಂಡಿದೆ. ಆದರೆ ನಿಜ ಹೇಳಬೇಕೆಂದರೆ ಕೈಯಲ್ಲಿ ಕೆಂಪು ಪೆನ್ನು ಇತ್ತು, ಫಾರ್ಮ್ಯಾಟ್ ಪಕ್ಕಾ ಇತ್ತು, ರೂಢಿಯ ಬಲದಿಂದ ಒಂದು ರೈಟ್ ಮಾರ್ಕೂ ಹಾಕಿಬಿಟ್ಟೆ. ಆ ಹುಡುಗಿ ಏನು ನೀಡ್‌ಫುಲ್ ಮಾಡಿದಳೋ ನನಗೆ ತಿಳಿಯದು.

ಇರಲಿ, ಬಸ್ಸಿನ ಕಥೆಗೆ ಬರೋಣ.

ಇಂಡಿಯಲ್ಲಿ ನನ್ನ ಹತ್ತಿರ ಕಲಿತ ಸಿದ್ದಪ್ಪ ಅಂತ ಒಬ್ಬನಿದ್ದಾನೆ. (ಇಂಗ್ಲಿಷಿನಲ್ಲಿ ಅವನನ್ನು ಎರಡು ಸಲ ಫೇಲ್ ಮಾಡಿದವಳು ನಾನು. ಆದರೂ ಪ್ರತಿ ವರ್ಷ ನಮ್ಮ ಮನೆಗೆ ಒಂದು ಚೀಲ ನಿಂಬೆಹಣ್ಣು ತಂದು ಕೊಡುತ್ತಾನೆ. ಇದು ಗುರುಭಕ್ತಿಯೋ ಸೇಡೋ, ಉಪ್ಪಿನಕಾಯಿ ಹಾಕಿ ಹಾಕಿ ಸೋತಿದ್ದೇನೆ.) ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ ಬನ್ನಿಗಿಡದ ಕ್ರಾಸ್ ಇದೆ. ಕ್ರಾಸಿನ ಒಳಗೆ ತೋಟದ ವಸ್ತಿ, ಅಂದರೆ ಊರಿನಿಂದ ದೂರ ಹೊಲದಲ್ಲೇ ಮನೆ ಕಟ್ಟಿಕೊಂಡ ಹತ್ತಿಪ್ಪತ್ತು ಕುಟುಂಬ. ಸಿದ್ದಪ್ಪನ ಮನೆ ಅಲ್ಲಿದೆ. ಭಾಗ್ಯ ಅವನ ಮಗಳು. ಇಂಡಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ.

ಆವತ್ತು ಅಪ್ಪ, ಮಗಳು ಇಬ್ಬರೂ ಬಂದಿದ್ದರು. ಸಿದ್ದಪ್ಪ ಕೂತ. ಮಳೆ ಮಾತಾಡಿದ. ತೊಗರಿಗೆ ಹುಳ ಬಿದ್ದಿದ್ದು ಹೇಳಿದ. ನನ್ನ ಮೊಣಕಾಲಿಗೆ ಯಾವುದೋ ಎಣ್ಣೆ ಹೇಳಿದ. ಚಾ ಕುಡಿದ. ಮತ್ತೊಮ್ಮೆ ಮಳೆಗೆ ಬಂದ. ಒಂದು ತಾಸಾಯಿತು. ಎದ್ದ, ಚಪ್ಪಲಿ ಮೆಟ್ಟಿದ, ಹೊಸ್ತಿಲು ದಾಟಿದ. ಆಮೇಲೆ ತಿರುಗಿ, “ಮತ್ತ... ಹುಡುಗೀದು ಅದೊಂದು ಇತ್ರಿ ಅಕ್ಕೋರ. ನಿಮಗ ಗೊತ್ತಾಗ್ತೈತಿ,” ಅಂದ.

ನನಗೆ ಏನು ಗೊತ್ತಾಗಬೇಕು? ತಲೆ ಅಲ್ಲಾಡಿಸಿದೆ. ನಮ್ಮ ಕಡೆ ಹಾಗೇ. ಗೊತ್ತಾಗದಿದ್ದರೂ ಅಲ್ಲಾಡಿಸಬೇಕು.

ಭಾಗ್ಯ ಹಿಂದಿನಿಂದ ಬಾಯಿ ಹಾಕಿದಳು. “ಅಕ್ಕೋರ, ಮುಂಜಾನಿ ಎಂಟೂವರಿ ಬಸ್ ನಮ್ಮ ಕ್ರಾಸ್‌ನ್ಯಾಗ ನಿಂದ್ರಂಗಿಲ್ರಿ. ಮುಂದಿನ ಸ್ಟಾಪಿಗೆ ಎರಡೂವರಿ ಕಿಲೋಮೀಟರ್ ನಡಿಬೇಕು. ಮನಿ ಕೆಲಸ ಮುಗಿಸಿ ನಡದು ಮುಟ್ಟೂದ್ರಾಗ ಆ ಬಸ್ ಹೋಗಿರ್ತೈತಿ, ಫಸ್ಟ್ ಪೀರಿಯಡ್ ದಿನಾ ತಪ್ಪತೈತಿ. ಅಟೆಂಡೆನ್ಸ್ ಕಮ್ಮಿ ಆದ್ರ ಪರೀಕ್ಷಾಕ್ಕ ಕುಂದ್ರಸಂಗಿಲ್ಲ ಅಂದಾರ.”

ಸಿದ್ದಪ್ಪ ಆಗ ಬಾಯಿಬಿಟ್ಟ. “ಕಬ್ಬಿನ ಟ್ರ್ಯಾಕ್ಟರ್ ಹಾಯ್ಕೊಂತ ಹೊಕ್ಕಾವ್ರಿ ಆ ರೋಡಿನ್ಯಾಗ. ಹೆಣ್ಣ ಹುಡುಗಿ. ದೀಪಾವಳಿ ಮಟಾ ನೋಡ್ತೇನ್ರಿ. ಬಸ್ ಆಗ್ಲಿಲ್ಲಂದ್ರ ಕಾಲೇಜ್ ಸಾಕು.”

ದೀಪಾವಳಿಗೆ ಐದು ವಾರವಿತ್ತು. ಭಾಗ್ಯ ನೆಲ ನೋಡುತ್ತಿದ್ದಳು. ಅವಳ ಕ್ಲಾಸಿನಲ್ಲಿ ಅವಳೇ ಫಸ್ಟ್ ಅಂತ ಸಿದ್ದಪ್ಪನೇ ಹಿಂದೊಮ್ಮೆ ನಿಂಬೆಹಣ್ಣು ಸುರಿಯುತ್ತ ಹೇಳಿದ್ದ.

“ಚಿಂತಿ ಮಾಡಬ್ಯಾಡ. ಡಿಪೋಕ್ಕ ನಾ ಬರೀತೇನಿ,” ಅಂದೆ.

ಭಾಗ್ಯ ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ಅವಳೇ ಇಂಗ್ಲಿಷಿನಲ್ಲಿ ಬರೆದು ತಂದಿದ್ದಳು. ಒಂದೇ ಸಾಲು. ಪ್ಲೀಸ್ ಸ್ಟಾಪ್ ದಿ ಏಟ್ ಥರ್ಟಿ ಬಸ್ ಅಟ್ ಅವರ್ ಕ್ರಾಸ್. ಕೆಳಗೆ ಒಂಬತ್ತು ಹುಡುಗಿಯರ ಸಹಿ.

ನಾನು ಕನ್ನಡಕ ಏರಿಸಿದೆ. ಅಯ್ಯೋ, ಇದೇನು ಅರ್ಜಿಯೋ ಬೆದರಿಕೆಯೋ? ಸಾಹೇಬರಿಗೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೆಯುತ್ತಾರೆಯೇ? ಕೆಂಪು ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದೆ. “ಹಿಂಗ ಸೀದಾ ಕೇಳಬಾರದು ತಂಗಿ. ದೊಡ್ಡವರಿಗೆ ಒಂದು ರೀತಿ ಐತಿ,” ಅಂತ ಪಾಠ ಬೇರೆ ಮಾಡಿದೆ. ಹುಡುಗಿ ಪಾಪ, ಹೌದ್ರಿ ಅಂದಳು.

ನಾನು ಬರೆದಿದ್ದು ಒಂದೂವರೆ ಪುಟ. ಎರಡು ದಿನ ಹಿಡಿಯಿತು. ಮೊದಲ ಪ್ಯಾರಾದಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವ. ಎರಡನೆಯದರಲ್ಲಿ ನಮ್ಮ ಭಾಗದ ಬಿಸಿಲು. ಮೂರನೆಯದರಲ್ಲಿ, ಬನ್ನಿಗಿಡದ ಕ್ರಾಸಿನಲ್ಲಿ ಬಸ್ಸು ಬಾಣದ ಹಾಗೆ ಹೋಗುತ್ತದೆ, ಅಮಾಯಕ ಬಾಲೆಯರು ಧೂಳು ತಿನ್ನುತ್ತ ಬೆದರಿ ನಿಂತಿರುತ್ತಾರೆ ಎಂಬ ವರ್ಣನೆ. ಬರೆಯುವಾಗ ನನಗೇ ಕಣ್ಣು ತುಂಬಿತು. ನಾಲ್ಕನೆಯದರಲ್ಲಿ ಡಿಪೋ ಮ್ಯಾನೇಜರರ ದಕ್ಷತೆಯ ಗುಣಗಾನ. (ಅವರನ್ನು ನಾನು ಕಂಡೂ ಇರಲಿಲ್ಲ.) ಕೊನೆಗೆ ಬಾಲ. ಕೈಂಡ್ಲಿ ಡು ದಿ ನೀಡ್‌ಫುಲ್ ಆ್ಯಂಡ್ ಆಬ್ಲೈಜ್.

ಪೋಸ್ಟ್ ಮಾಡುವ ಮೊದಲು ಯಜಮಾನರಿಗೆ ಗಟ್ಟಿಯಾಗಿ ಓದಿ ತೋರಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಭಾಳ ಛಲೋ ಆಗೇತಿ. ಯಾರರ ತೀರ್ಕೊಂಡಾರೇನು?” ಅಂದರು. ಅವರಿಗೆ ಇಂಗ್ಲಿಷ್ ಸಾಹಿತ್ಯದ ರುಚಿ ಇಲ್ಲ ಅಂತ ಸುಮ್ಮನಾದೆ.

ಎರಡೂವರೆ ವಾರಕ್ಕೆ ಉತ್ತರ ಬಂತು. ಟೈಪ್ ಮಾಡಿದ ಒಂದೇ ಸಾಲು. ನೀಡ್‌ಫುಲ್ ಹ್ಯಾಸ್ ಬೀನ್ ಡನ್.

ನನ್ನ ಸಂಭ್ರಮ ಕೇಳಬೇಡಿ. ಅದರ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿದೆ. ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರಗಳ ಸುರಿಮಳೆ. ಪೇಡೆ ತಂದೆ, ಹಾರ ತಂದೆ. ಮರುದಿನ ಮುಂಜಾನೆ ಟಂಟಂ ಆಟೊ ಗೊತ್ತು ಮಾಡಿಕೊಂಡು, ಮೊಣಕಾಲಿಗೆ ಸಿದ್ದಪ್ಪನ ಎಣ್ಣೆ ಹಚ್ಚಿಕೊಂಡು, ಬನ್ನಿಗಿಡದ ಕ್ರಾಸಿಗೆ ಹೋದೆ. ಅಲ್ಲಿ ಬಸ್ಸು ಏನು ಮಾಡಿತು ಅನ್ನುವುದು ನಿಮಗೆ ಆಗಲೇ ಗೊತ್ತಾಗಿದೆ.

ಆವತ್ತೇ ಭಾಗ್ಯಳನ್ನು ಕರೆದುಕೊಂಡು ಡಿಪೋಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು. ಒಳಗೆ ಕಾಲಿಟ್ಟಿದ್ದೇ ತಡ, ಒಬ್ಬ ದಪ್ಪ ಮೀಸೆಯ ಕ್ಲಾರ್ಕ್ ಓಡಿ ಬಂದು ಕಾಲು ಮುಟ್ಟಿದ.

“ಅಕ್ಕೋರ, ಗುರ್ತ ಸಿಕ್ತೇನ್ರಿ? ನಾ ಮಲ್ಲು ರಿ. ಬಾಗೇವಾಡಿ ಬ್ಯಾಚ್. ನಿಮ್ಮ ಲೆಟರ್‌ಗೆ ರಿಪ್ಲೈ ನಾನ ಬರದೇನ್ರಿ. ಫಾರ್ಮ್ಯಾಟ್ ಸರಿ ಐತಿಲ್ರಿ?”

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಫಾರ್ಮ್ಯಾಟ್ ಸರಿ ಇತ್ತು. ಅದನ್ನು ಅವನಿಗೆ ಕಲಿಸಿದವರು ಯಾರು?

ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಹಾಸನದ ಕಡೆಯವರಂತೆ. ಕುರ್ಚಿ ತೋರಿಸಿ, “ಹೇಳಿ ಮೇಡಂ, ಏನಾಗಬೇಕಿತ್ತು?” ಅಂದರು.

ಅಷ್ಟು ನೇರ ಪ್ರಶ್ನೆ. ನಾನೇನು ಹೇಳಿದೆ ಗೊತ್ತೇ? “ಏನಿಲ್ರಿ, ಇತ್ತಾಗ ಬಂದಿದ್ವಿ, ಹಂಗ ಭೆಟ್ಟಿ ಆಗಿ ಹೋಗೋಣಂತ.” ಮುಂದುವರಿದು ಅವರಿಗೆ ನಮ್ಮ ಬಿಸಿಲು ಒಗ್ಗಿತೇ ಅಂತ ಕೇಳಿದೆ. ರೊಟ್ಟಿ ಒಗ್ಗಿತೇ ಅಂತ ಕೇಳಿದೆ. ಇನ್ನು ಮಳೆಗೆ ಬರುವವಳಿದ್ದೆ. ಭಾಗ್ಯ ನನ್ನ ಸೆರಗು ಜಗ್ಗಿದಳು.

ಕೊನೆಗೆ ಪತ್ರದ ಮಾತು ತೆಗೆದೆ. ಮ್ಯಾನೇಜರ್ ಫೈಲು ತರಿಸಿದರು. “ಇದು ನೋಡಿ ಮೇಡಂ, ನಾವು ಓವರ್‌ಸ್ಪೀಡ್ ಕಂಪ್ಲೇಂಟ್ ಅಂತ ತಗೊಂಡ್ವಿ. ಬಸ್ಸು ಜೋರಾಗಿ ಹೋಗುತ್ತೆ, ಮಕ್ಕಳು ಹೆದರ್ತಾರೆ ಅಂತ ಬರ್ದಿದ್ರಲ್ಲ. ಆ ರೂಟಿನ ಡ್ರೈವರ್‌ಗಳಿಗೆಲ್ಲ ಮೆಮೋ ಕೊಟ್ಟಿದ್ದೀವಿ. ಅಲ್ಲಿ ಸ್ಲೋ ಮಾಡಬೇಕು, ಹಾರ್ನ್ ಹೊಡೀಬೇಕು ಅಂತ. ಯಾಕೆ, ಮಾಡ್ತಾ ಇಲ್ವಾ?”

“ಮಾಡಾಕತ್ತಾರ್ರಿ,” ಅಂದೆ ಸಣ್ಣ ದನಿಯಲ್ಲಿ.

“ಮತ್ತೆ?”

“ಬಸ್ ನಿಂದ್ರಬೇಕಾಗಿತ್ರಿ.”

ಅವರು ಪತ್ರವನ್ನು ನನ್ನ ಕಡೆ ತಿರುಗಿಸಿದರು. “ನಿಲ್ಲಿಸಿ ಅಂತ ಇದರಲ್ಲಿ ಎಲ್ಲಿದೆ ಮೇಡಂ?”

ಹುಡುಕಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದೆ. ಒಂದೂವರೆ ಪುಟದಲ್ಲಿ ಬಿಸಿಲಿತ್ತು, ಧೂಳಿತ್ತು, ಅಮಾಯಕ ಬಾಲೆಯರಿದ್ದರು, ಡಿಪೋದವರ ದಕ್ಷತೆ ಇತ್ತು. ಬಸ್ಸು ನಿಲ್ಲಿಸಿ ಅನ್ನುವ ಮಾತು ಇರಲೇ ಇಲ್ಲ. ಇದ್ದ ಒಂದು ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದವಳು ನಾನು. ಪಕ್ಕದಲ್ಲಿ ಕೂತ ಭಾಗ್ಯಳ ಮುಖ ನೋಡಲು ಧೈರ್ಯವಾಗಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. (ಸಿಮೆಂಟ್ ನೆಲ, ಬಿಡಲಿಲ್ಲ.)

ನೋಡಿ, ಡು ದಿ ನೀಡ್‌ಫುಲ್ ತಪ್ಪು ಇಂಗ್ಲಿಷ್ ಅಲ್ಲ. ಹಳೆಯ ಆಫೀಸಿನ ಮಾತು, ಈಗ ಸ್ವಲ್ಪ ಸವೆದಿದೆ, ಅಷ್ಟೇ. ಇಂಥದ್ದು ಬೇಕು ಅಂತ ಮೊದಲು ಬಿಡಿಸಿ ಹೇಳಿ, ಅದಕ್ಕೆ ಏನೇನು ಮಾಡಬೇಕೋ ನೀವು ಮಾಡಿ ಅನ್ನುವಾಗ ಅದನ್ನು ಬರೆಯಬಹುದು. ಬೇಕಾದ್ದು ಏನು ಅನ್ನುವುದನ್ನೇ ಹೇಳದೆ ಬರೆದರೆ, ಕಿರಾಣಿ ಅಂಗಡಿಗೆ ಹೋಗಿ ಖಾಲಿ ಚೀಲ ಒಡ್ಡಿ ನಿಂತ ಹಾಗೆ. ಅಂಗಡಿಯವನು ಉಪ್ಪು ತುಂಬಿದರೆ ಅವನ ತಪ್ಪೇನು?

ತಪ್ಪು ಇಂಗ್ಲಿಷಿನದೂ ಅಲ್ಲ ಅಂತ ಡಿಪೋದ ಆ ಕುರ್ಚಿಯಲ್ಲಿ ಕೂತಾಗ ನನಗೆ ಹೊಳೆಯಿತು. ನಮ್ಮನ್ನು ದಕ್ಷಿಣದ ಜಿಲ್ಲೆಯವರು ಖಡಕ್ ಮಂದಿ ಅನ್ನುತ್ತಾರೆ. ಮಾತು ಒರಟು ಅನ್ನುತ್ತಾರೆ. ಜಗಳವಾಡುವಾಗ ಹೌದು. ಬೈಯುವಾಗ ಹೌದು. ಏನಾದರೂ ಕೇಳುವಾಗ? ಪಕ್ಕದ ಮನೆಗೆ ಹಾಲಿಗೆ ಹೆಪ್ಪು ಕೇಳಲು ಹೋದವಳು ಅರ್ಧ ತಾಸು ಸೊಸೆಯ ಬಾಣಂತನದ ಮಾತಾಡಿ, ಬಟ್ಟಲನ್ನು ಸೆರಗಿನಲ್ಲೇ ಮುಚ್ಚಿಕೊಂಡು ವಾಪಸ್ ಬರುತ್ತಾಳೆ. (ನಾನೇ ಬಂದಿದ್ದೇನೆ. ಮರುದಿನ ಮೊಸರಿಲ್ಲದೆ ಉಂಡಿದ್ದೇವೆ.) ಕೇಳಿದರೆ ಸಣ್ಣವರಾದೆವು ಅನ್ನುವ ಸಂಕೋಚ. ಎದುರಿನವರು ಇಲ್ಲ ಅಂದುಬಿಟ್ಟರೆ ಅನ್ನುವ ಅಂಜಿಕೆ. ಅದಕ್ಕೇ ಹೊಸ್ತಿಲು ದಾಟಿದ ಮೇಲೆ, ‘ಅದೊಂದು ನೋಡ್ರಿ, ನಿಮಗ ಗೊತ್ತ ಐತಲ್ಲ’ ಅನ್ನುತ್ತೇವೆ. ಕೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು. ನಾನು ಮೂವತ್ತೊಂದು ವರ್ಷ ಕಲಿಸಿದ್ದು ಇದನ್ನೇ. ಇಂಗ್ಲಿಷ್ ಅಂತ ತಿಳಿದು ಕಲಿಸಿದೆ.

ಡಿಪೋದಲ್ಲಿ ಭಾಗ್ಯ ನನ್ನ ಹಾಗೆ ಕೂರಲಿಲ್ಲ. ಎದ್ದು ನಿಂತಳು. “ಸರ್, ಎಂಟೂವರಿ ಬಸ್ ನಮ್ಮ ಕ್ರಾಸ್‌ನ್ಯಾಗ ನಿಂದರ್ಸರಿ. ಒಂಬತ್ತ ಮಂದಿ ಅದೇವ್ರಿ. ಸಂಜಿಮುಂದ ಬರೂದೂ ನಿಂದರ್ಸರಿ.”

ಮ್ಯಾನೇಜರ್ ನಕ್ಕರು. “ಇಷ್ಟನ್ನೇ ಒಂದು ಹಾಳೇಲಿ ಬರ್ದು ಕೊಡಮ್ಮ. ಕೋರಿಕೆ ನಿಲುಗಡೆ, ಅಂದ್ರೆ ಪ್ರಯಾಣಿಕರು ಕೇಳಿದಾಗ ನಿಲ್ಲೋ ಸ್ಟಾಪು, ಮಾಡೋಕೆ ಮೇಲಿನ ಆಫೀಸಿಂದ ಒಪ್ಪಿಗೆ ಬೇಕು. ಎರಡು ಮೂರು ವಾರ ಆಗುತ್ತೆ.”

ಅವಳು ಅಲ್ಲೇ ಕೂತು ಕನ್ನಡದಲ್ಲಿ ಬರೆದಳು. ನಾನು ಪೆನ್ನು ಮಾತ್ರ ಕೊಟ್ಟೆ. ನೀಲಿಯದು.

ಎರಡು ಮೂರು ವಾರ. ದೀಪಾವಳಿಗೆ ಉಳಿದದ್ದು ಎರಡೇ ವಾರ. ನನ್ನ ಸಾಹಿತ್ಯಕ್ಕೆ ಹಾಳಾದ ದಿನಗಳನ್ನು ಎಣಿಸಿದೆ. ಅವೇ ಕೈಯಲ್ಲಿದ್ದಿದ್ದರೆ ಸಾಕಿತ್ತು.

ಹಬ್ಬ ಬಂತು, ಹೋಯಿತು. ಒಪ್ಪಿಗೆ ಬರಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೂ ಐದಾರು ದಿನಕ್ಕೆ ಮಲ್ಲು ಫೋನ್ ಮಾಡಿದ. “ಅಕ್ಕೋರ, ಆರ್ಡರ್ ಬಂತ್ರಿ. ಎರಡೂ ಕಡಿ ಎಲ್ಲಾ ಬಸ್ ನಿಂದರ್ತಾವ. ಕ್ರಾಸ್‌ನ್ಯಾಗ ಬೋರ್ಡ್ ಸುದ್ದಾ ಹಾಕಸೀವ್ರಿ.” ಈ ಸಲ ನಾನು ಪೇಡೆ ತರಲಿಲ್ಲ. ಬುದ್ಧಿ ಬಂದಿತ್ತು. ಸುಮ್ಮನೆ ಟಂಟಂ ಹತ್ತಿ ಹೋದೆ.

ಬಸ್ಸು ಬಂತು. ನಿಂತಿತು! ಕೈ ಬೀಸುತ್ತಿದ್ದ ಹುಡುಗಿಯರು ಹೋ ಅಂತ ಕೂಗುತ್ತ ಹತ್ತಿದರು. ಎಣಿಸಿದೆ. ಎಂಟು. ಭಾಗ್ಯ ಇರಲಿಲ್ಲ.

“ಆಕಿ ಹಬ್ಬ ಆದಾಗಿಂದ ಬಂದಿಲ್ರಿ ಅಕ್ಕೋರ,” ಅಂತ ಒಬ್ಬಳು ಫುಟ್‌ಬೋರ್ಡಿನಿಂದ ಕೂಗಿ ಹೇಳಿದಳು.

ಕ್ರಾಸಿನಿಂದ ವಸ್ತಿಗೆ ಅರ್ಧ ಮೈಲಿ. ಆ ಮೊಣಕಾಲಿನಲ್ಲಿ ಹೇಗೆ ನಡೆದೆನೋ ದೇವರೇ ಬಲ್ಲ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಆ ಒಂದು ಸಾಲನ್ನು ಇದ್ದ ಹಾಗೇ ಕಳಿಸಿದ್ದರೆ ಹಬ್ಬಕ್ಕೆ ಮೊದಲೇ ಬಸ್ಸು ನಿಲ್ಲುತ್ತಿತ್ತು. ನನ್ನ ಒಂದೂವರೆ ಪುಟದ ಭಾರಕ್ಕೆ ಒಂದು ಹುಡುಗಿಯ ಓದು ನಿಂತಿತಲ್ಲ. ಅಳು ಬಂತು. ಹೌದು, ಹೊಲದ ನಡುವೆ ನಿಂತು ಅತ್ತೆ.

ಸಿದ್ದಪ್ಪ ನಿಂಬೆಗಿಡದ ಪಾತಿ ಸರಿ ಮಾಡುತ್ತಿದ್ದ. “ಅಯ್ಯಯ್ಯ, ಬರ್ರಿ ಅಕ್ಕೋರ, ಬರ್ರಿ,” ಅಂತ ಕೂರಲು ಹೊರಸು ಹಾಕಿಸಿದ. ಭಾಗ್ಯ ನೀರು ತಂದಳು. ಡಿಪೋದಲ್ಲಿ ಸಾಹೇಬರ ಎದುರು ಎದ್ದು ನಿಂತವಳು ಇವಳೇ ಹೌದೋ ಅಲ್ಲವೋ ಅನ್ನುವ ಹಾಗೆ ಬಾಗಿಲಿಗೆ ಒರಗಿ ನಿಂತಳು.

“ಈ ಸಲ ಕಾಯಿ ಹ್ಯಾಂಗ ಹಿಡದಾವಪ್ಪಾ?” ಅಂದೆ ನಾನು.

ನೋಡಿ, ನೋಡಿ! ಇಷ್ಟೆಲ್ಲ ಆದ ಮೇಲೂ! ಸಿದ್ದಪ್ಪ ಕಾಯಿಯ ಕಥೆ ಶುರು ಮಾಡಿದ. ಕಾಯಿ ಮುಗಿದು ಗೊಬ್ಬರಕ್ಕೆ ಬಂದ. ಮಳೆಯ ಹತ್ತಿರ ಬಂದಾಗ ನಾನು ನಾಲಿಗೆ ಕಚ್ಚಿಕೊಂಡೆ. ಇಲ್ಲ ಅಂದುಬಿಟ್ಟರೆ?

“ಸಿದ್ದಪ್ಪಾ, ಭಾಗ್ಯಾನ್ನ ನಾಳಿಯಿಂದ ಕಾಲೇಜಿಗೆ ಕಳಸು,” ಅಂದುಬಿಟ್ಟೆ.

ಅವನು ಟಾವೆಲ್ ಹೆಗಲಿಗೆ ಹಾಕಿಕೊಂಡ. “ಹೂಂ ರಿ. ಕಳಸ್ತೇನಿ.”

“ಇಷ್ಟ ಏನು?”

“ಮತ್ತೇನ್ರಿ? ಆಕಿ ಕೇಳಲಿಲ್ಲ. ಹಬ್ಬ ಆತು, ಚೀಲ ಮೂಲಿಗೆ ಇಟ್ಟು ಸುಮ್ಮ ಕುಂತ್ಲು. ನಡದು ನಡದು ದಣದಾಳ, ಬ್ಯಾಡ ಆಗೇತೇನೋ, ನಾ ಯಾಕ ಕೆದಕ್ಲಿ ಅಂತ ನಾನೂ ಸುಮ್ಮಾದ್ನಿ.”

“ನೀ ದೀಪಾವಳಿ ಮಟಾ ಅಂದಿದ್ದೆಲ್ಲಪ್ಪ!” ಬಾಗಿಲಿನ ಹತ್ತಿರ ಭಾಗ್ಯಳ ದನಿ ಒಡೆಯಿತು. “ನೀ ಬ್ಯಾಡ ಅಂದಿ ಅಂತ ನಾ ಕುಂತೇನಿ. ನನಗ ಓದೂದೈತಿ. ಬಸ್ ಇರ್ಲಿ, ಬಿಡ್ಲಿ, ನನಗ ಓದೂದೈತಿ.”

ಸಿದ್ದಪ್ಪ ಹೆಗಲಿನ ಟಾವೆಲ್‌ನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. “ಹಂಗ ಹೇಳಬೇಕಿಲ್ಲವ ತಂಗಿ. ನೀ ಹೇಳದ ನನಗ ಹ್ಯಾಂಗ ತಿಳೀಬೇಕು? ನೀ ಕೇಳಿದ್ರ ನಾನ ಗಾಡಿ ಮ್ಯಾಲ ಬಿಟ್ ಬರ್ತಿದ್ನಿ,” ಅಂದ.

ಅಪ್ಪ, ಮಗಳು ಒಂದೇ ಮನೆಯಲ್ಲಿ, ಒಂದೇ ಹಂಚಿನ ರೊಟ್ಟಿ ತಿಂದುಕೊಂಡು, ಅಷ್ಟು ದಿನ ಒಬ್ಬರ ಮನಸ್ಸನ್ನು ಒಬ್ಬರು ಊಹೆ ಮಾಡುತ್ತ ಕೂತಿದ್ದರು. ಇನ್ನಷ್ಟು ದಿನ ಕೂತಿದ್ದರೆ ಅಟೆಂಡೆನ್ಸ್ ಮುಗಿದೇಹೋಗುತ್ತಿತ್ತು. ಎಷ್ಟು ಮನೆಯಲ್ಲಿ ಹೀಗೆ ಎಷ್ಟು ಹುಡುಗಿಯರ ಚೀಲ ಮೂಲೆಯಲ್ಲಿವೆಯೋ? ಯಾರೂ ಬೇಡ ಅಂದಿರುವುದಿಲ್ಲ. ಯಾರೂ ಬೇಕು ಅಂದಿರುವುದೂ ಇಲ್ಲ.

ಮರುದಿನ ಮುಂಜಾನೆ ನಾನು ಮತ್ತೆ ಕ್ರಾಸಿಗೆ ಹೋದೆ. (ಮೂರನೇ ಟಂಟಂ. ಯಜಮಾನರು, “ಆ ಬಸ್ಸಿನ ಸಂಗಾಟ ನಿಂದೇನು ಲಗ್ನ ಐತೇನು?” ಅಂದರು.) ಬಸ್ಸು ನಿಂತಿತು. ಒಂಬತ್ತು ಹುಡುಗಿಯರು ಹತ್ತಿದರು. ಒಂಬತ್ತನೆಯವಳು ಭಾಗ್ಯ. ಮೆಟ್ಟಿಲ ಮೇಲೆ ನಿಂತು ಒಮ್ಮೆ ತಿರುಗಿ ನೋಡಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ಈಗ ನಾನು ಸಿಂದಗಿಗೆ ವಾಪಸ್ ಹೋಗಬೇಕಲ್ಲ? ನನ್ನನ್ನು ತಂದ ಟಂಟಂನವನು ಬೇರೆ ಪ್ರಯಾಣಿಕರು ಸಿಕ್ಕರು ಅಂತ ಮುಂದೆ ಹೋಗಿದ್ದ. ತೊಂದರೆ ಇಲ್ಲ. ಎರಡೂ ಕಡೆ ನಿಲುಗಡೆ ಇದೆ. ನಾನೇ ಓಡಾಡಿ ಮಾಡಿಸಿದ್ದು. ಹೊಸ ಬೋರ್ಡಿನ ಕೆಳಗೆ, ಸೀರೆ ಸರಿ ಮಾಡಿಕೊಂಡು, ಪರ್ಸು ಎರಡೂ ಕೈಯಲ್ಲಿ ಹಿಡಿದುಕೊಂಡು ಗಂಭೀರವಾಗಿ ನಿಂತೆ. ಇಂಡಿಯ ಕಡೆಯಿಂದ ಬಸ್ಸು ಬಂತು. ಡ್ರೈವರ್‌ನನ್ನು ನೋಡಿ ಮುಗುಳ್ನಕ್ಕೆ. ಅವನೂ ನಕ್ಕ. ಸ್ಲೋ ಮಾಡಿದ. ಹಾರ್ನ್ ಹೊಡೆದ. ಹೋಗೇ ಹೋದ.

“ಅಯ್ಯೋ ಇವನ!” ಅಂತ ಕೂಗಿದೆ.

ಕ್ರಾಸಿನ ಚಾದಂಗಡಿಯ ಮುದುಕ ಎಲ್ಲ ನೋಡುತ್ತಿದ್ದ. ಬೀಡಿ ತೆಗೆದು, “ಕೈ ಮಾಡಬೇಕಲ್ರೀ ಅಕ್ಕೋರ. ನೀವು ಬಸ್ಸಿಗೆ ನಿಂತೀರಿ ಅಂತ ಅವಗ ಹ್ಯಾಂಗ ತಿಳೀಬೇಕು?” ಅಂದ.

ಮುಂದಿನ ಬಸ್ಸು ಒಂದೂವರೆ ತಾಸಿಗೆ ಅಂತೆ. ನಾನು ಆಗಿನಿಂದಲೇ ಕೈ ಎತ್ತಿಕೊಂಡು ನಿಂತೆ.